ಶೆಟಿಗೆವ್ವನ ಕೋಣೆಯಲ್ಲಿ ಸರ್ಕಾರಿ ಕತ್ತರಿ

ಆಗಿನ್ನೂ ನಮ್ಮ ಸೀಮೆಯ ಕೂಸುಗಳು ಮನೆಯಲ್ಲೇ ಹುಟ್ಟುತ್ತಿದ್ದವು. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಹೊರಗೆ ಕೂತವರಿಗೆ ಏನೂ ಕಾಣದ ಹಾಗೆ. ಒಳಗೆ ಹೋಗುವಾಗ ಒಬ್ಬಳಿದ್ದವಳು ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರಾಗಿರುತ್ತಿದ್ದಳು. ಇದು ಹೇಗೆ ಎಂದು ಕೇಳಿದರೆ ದೊಡ್ಡವರೆಲ್ಲ ಒಮ್ಮೆಲೇ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು.

ನನ್ನ ಸಂಕಟ ಬೇರೆ ಮಕ್ಕಳಿಗಿಂತ ಹೆಚ್ಚಿನದು. ಯಾಕೆಂದರೆ ಆ ಬಾಗಿಲ ಒಳಗೆ ಹೋಗುವುದೇ ನನ್ನ ಅವ್ವನ ನೌಕರಿಯಾಗಿತ್ತು. ಅವ್ವ ಹೆರಿಗೆ ನರ್ಸು. ಅವಳ ತವರು ಕುರುಗೋಡು, ತರಬೇತಿ ಬಳ್ಳಾರಿಯಲ್ಲಿ. ಕೆಲಸಕ್ಕೆ ಹಾಕಿದ್ದು ಸಿರುಗುಪ್ಪದಿಂದ ರಾರಾವಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದ ಒಂದು ಊರಿಗೆ. ಅಪ್ಪ ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದ. ಉಳಿದ ದಿನ ಮನೆಯಲ್ಲಿ ಅವ್ವ, ನಾನು, ಮತ್ತು ಅವ್ವನ ತಗಡಿನ ಪೆಟ್ಟಿಗೆ.

ನರ್ಸಮ್ಮ ಕೂಸುಗಳನ್ನು ಆ ಪೆಟ್ಟಿಗೆಯಲ್ಲೇ ತರುತ್ತಾಳೆ ಎಂದು ಊರಿನ ಹುಡುಗರು ನಂಬಿದ್ದರು. ನಾನು ಪೆಟ್ಟಿಗೆಯ ಒಳಗನ್ನು ಕಂಡವಳು. ಸ್ಪಿರಿಟ್ ಬಾಟಲಿ, ಹತ್ತಿ, ದಾರದ ಉಂಡೆ, ಒಂದು ಚಿಮಟ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಹೊಳೆಯುವ ಕತ್ತರಿ. ಕೂಸು ಹಿಡಿಸುವಷ್ಟು ಜಾಗವೇ ಅದರಲ್ಲಿರಲಿಲ್ಲ. ಆದರೂ ಈ ಗುಟ್ಟು ಬಿಟ್ಟುಕೊಡದೆ, "ಮುಟ್ಟಿದ್ರ ಒಳಗಿನ ಕೂಸು ಕಚ್ತೈತಿ" ಎಂದು ಹೆದರಿಸಿಕೊಂಡು ನಾನು ಮೆರೆಯುತ್ತಿದ್ದೆ.

ನನಗೆ ತಿಳಿಯದ ಇನ್ನೊಂದು ಸಂಗತಿಯಿತ್ತು. ಅದು ಅವ್ವನಿಗೂ ತಿಳಿದಿರಲಿಲ್ಲ. ಊರಿನವರು ತಲೆನೋವಿಗೆ, ಕೆಮ್ಮಿಗೆ, ಚೇಳು ಕಡಿದರೆ, ಕಾಲಿಗೆ ಮುಳ್ಳು ಹೊಕ್ಕರೆ ಅವ್ವನ ಹತ್ತಿರ ಬರುತ್ತಿದ್ದರು. ಹೊಲದಿಂದ ಬರುವಾಗ ಪುಂಡಿಸೊಪ್ಪು, ಹಸಿ ಕಡಲೆಕಾಯಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಆದರೆ ಹೆರಿಗೆಗೆ ಮಾತ್ರ ಯಾಕೋ ಕರೆಯುತ್ತಿರಲಿಲ್ಲ. ಬಂದ ಹೊಸದರಲ್ಲಿ ಊರ ಮುಂದಿನ ಅಗಸಿ ಬಾಗಿಲ ಹತ್ತಿರದ ಒಂದು ಮನೆಯವರು ಕರೆದಿದ್ದರು. ಹೆರಿಗೆ ಸುಸೂತ್ರವಾಗಿಯೇ ಆಗಿತ್ತು. ಅದಾದ ಮೇಲೆ ಯಾರೂ ಕರೆಯಲಿಲ್ಲ. ನೋವು ಶುರುವಾದರೆ ಊರಿನ ಹಳೆಯ ಸೂಲಗಿತ್ತಿ ಹುಲಿಗೆಮ್ಮನಿಗೇ ಹೇಳಿಕಳಿಸುತ್ತಿದ್ದರು.

ಕರೆಯದಿದ್ದರೂ ಅವ್ವ ಕತ್ತರಿ ಚಿಮಟಗಳನ್ನು ಆಗಾಗ ತೆಗೆದು ಸ್ಟವ್ವಿನ ಮೇಲೆ ಕುದಿಸಿ ಒರೆಸಿ ಇಡುತ್ತಿದ್ದಳು. ಸೀಮೆಎಣ್ಣೆ, ಸ್ಪಿರಿಟ್, ಬಿಸಿ ಕಬ್ಬಿಣ ಮೂರೂ ಕೂಡಿದ ಆ ವಾಸನೆ ನನಗೆ ಈಗಲೂ ಅವ್ವನ ವಾಸನೆ. ಶನಿವಾರ ಬಂದ ಅಪ್ಪ ಪಾತ್ರೆಯೊಳಗೆ ಇಣುಕಿ, "ಏನ್ ಅಡಗಿ ಇವತ್ತು? ಕತ್ರಿ ಸಾರಾ?" ಎಂದು ಕೇಳುತ್ತಿದ್ದ. ಅವ್ವ ನಗುತ್ತಿರಲಿಲ್ಲ. "ಇವರಿಗೆ ನನ್ನ ಕಂಡ್ರ ಅಂಜಿಕಿ. ಹೆರಿಗಿ ಮಾಡ್ಸಾಕ ಬಂದು ಆಪರೇಷನ್ ಮಾಡ್ಬಿಡ್ತಾಳ ಅಂತ ತಿಳ್ಕಂಡಾರ" ಎನ್ನುತ್ತಿದ್ದಳು. ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿದ್ದ ಕಾಲ ಅದು. ಹಾಗಿರಬಹುದು ಎಂದು ಅಪ್ಪನೂ ಒಪ್ಪಿಕೊಂಡಿದ್ದ. ನಾನು ಒಪ್ಪಿರಲಿಲ್ಲ. ಅಂಜುವವರು ಪುಂಡಿಸೊಪ್ಪು ಯಾಕೆ ತರುತ್ತಾರೆ?

ನಾವಿದ್ದದ್ದು ಬಸಮ್ಮಜ್ಜಿಯ ಮನೆಯ ಒಂದು ಪಾಲಿನಲ್ಲಿ. ಬಸಮ್ಮಜ್ಜಿ ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಕೂತಲ್ಲಿಂದಲೇ ಹೊಲ ಮನೆ ಎರಡನ್ನೂ ನಡೆಸುವ ದನಿ. ಅವಳ ಮೊಮ್ಮಗಳು ಶರಣಿ ನನ್ನ ಓರಗೆಯವಳು, ನನ್ನ ಜೀವದ ಗೆಳತಿ. ಅಜ್ಜಿಯ ಕಿರಿಯ ಸೊಸೆ, ಶರಣಿಯ ಚಿಕ್ಕಮ್ಮ ಈರಮ್ಮ, ಆ ನಾಟಿಯ ಹಂಗಾಮಿನಲ್ಲಿ ತುಂಬು ಬಸುರಿ. ಅವಳ ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲವಾದ್ದರಿಂದ ಹೆರಿಗೆ ಅಜ್ಜಿಯ ಮನೆಯಲ್ಲೇ ಆಗಬೇಕಿತ್ತು. ಈರಮ್ಮನಿಗೆ ಇದು ಎರಡನೆಯದು. ಮೊದಲನೆಯ ಕೂಸು ಚೆನ್ನಾಗಿಯೇ ಹುಟ್ಟಿ, ಹಾಲು ಕುಡಿದು, ವಾರ ತುಂಬುವಷ್ಟರಲ್ಲಿ ಬಾಯಿ ಕಚ್ಚಿಕೊಂಡು ಮೈ ಸೆಟೆದು ಹೋಗಿಬಿಟ್ಟಿತ್ತು.

ಅವ್ವ ಅಪ್ಪನ ಮುಂದೆ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. "ಅದು ಕುಡುಗೋಲಿನ ಬ್ಯಾನಿ. ಹುಲ್ಲು ಕೊಯ್ಯೋ ಕುಡುಗೋಲಿಲೇ ಹೊಕ್ಕಳಬಳ್ಳಿ ಕೊಯ್ತಾರ. ದನದ ಕೊಟ್ಟಿಗಿ ಗ್ವಾಡಿಗೆ ಸಿಗ್ಸಿರ್ತಾರ ಅದನ್ನ. ಈ ಸಲನೂ ಅದ ಕುಡುಗೋಲು ಹಿಡದ್ರ ನಾನು ಈ ಗ್ವಾಡಿ ಈಚಿಗೆ ಕುಂತು ಕೇಳಬೇಕಾ?" ಅವ್ವ ಬಸಮ್ಮಜ್ಜಿಗೆ ಎರಡು ಸಲ ಹೇಳಿದ್ದಳಂತೆ. ಅಜ್ಜಿ, "ನೋಡಾಮು ಬಿಡವ್ವ" ಎಂದು ಎಲೆಗೆ ಸುಣ್ಣ ಸವರಿದ್ದಳಂತೆ. ಅಜ್ಜಿ ಸುಣ್ಣ ಸವರಿದಳೆಂದರೆ ಆ ಮಾತು ಮುಗಿಯಿತು ಎಂದೇ ಅರ್ಥ.

ಈರಮ್ಮನನ್ನು ಕಂಡರೆ ನನಗೆ ಬಲು ಪ್ರೀತಿ. ಮಂಡಾಳು ಒಗ್ಗರಣೆ ಮಾಡಿದಾಗ ನನಗೊಂದು ತಟ್ಟೆ, ಅದರ ಮೇಲೊಂದು ಮಿರ್ಚಿ, ತಪ್ಪದೆ ಕಳಿಸುತ್ತಿದ್ದಳು. ಅಂಥವಳ ಕೂಸು ಮತ್ತೆ ಹೋಗಬಾರದು ಎಂದು ನಾನೂ ದೇವರಿಗೆ ಕೈ ಮುಗಿಯುತ್ತಿದ್ದೆ.

ಒಂದು ಮಧ್ಯಾಹ್ನ ಹಿತ್ತಿಲ ಬೇವಿನ ಮರದ ಕೆಳಗೆ ಶರಣಿ ಮತ್ತು ನಾನು ಬಾಣಂತಿ ಆಟ ಆಡುತ್ತಿದ್ದೆವು. ಕಾಲುವೆಗೆ ನೀರು ಬಿಟ್ಟಿದ್ದರು. ದೊಡ್ಡವರೆಲ್ಲ ಕೆಸರುಗದ್ದೆಯ ನಾಟಿಗೆ ಹೋಗಿದ್ದರಿಂದ ಹಿತ್ತಿಲಿಗೆ ನಾವೇ ರಾಣಿಯರು. ಹಳೆ ಸೀರೆಯ ಚಿಂದಿ ಸುತ್ತಿದ ಗೊಂಬೆ ಕೂಸು, ಶರಣಿ ಅದರ ಅಜ್ಜಿ, ನಾನು ನರ್ಸಮ್ಮ. ಎರಡು ಕಡ್ಡಿಗಳನ್ನು ಅಡ್ಡಡ್ಡ ಹಿಡಿದು ಕತ್ತರಿ ಮಾಡಿಕೊಂಡು, ನೂಲಿನ ಹೊಕ್ಕಳಬಳ್ಳಿ ಕತ್ತರಿಸಿ, ಕತ್ತರಿಯನ್ನು ಜೋಪಾನವಾಗಿ ಬೆಂಕಿಪೊಟ್ಟಣದ ಪೆಟ್ಟಿಗೆಗೆ ಹಾಕಿಕೊಂಡು ಹೊರಟೆ. ಶರಣಿ ಓಡಿಬಂದು ನನ್ನ ಲಂಗ ಹಿಡಿದು ಎಳೆದಳು.

"ಕತ್ರಿ ಇಟ್ಟು ಹೋಗಲೇ!"

"ಯಾಕ? ಅದು ಸರ್ಕಾರದ್ದು."

"ಸರ್ಕಾರಕ್ಕೇನು ಕೂಸು ಹುಟ್ಟೈತೇನು? ನಮಗ ಹುಟ್ಟೈತಿ. ಇಟ್ಟು ಹೋಗು."

ಆಟದ ಜಗಳ ಎಂದುಕೊಂಡೆ. ಆದರೆ ಅವಳ ಮುಖದಲ್ಲಿ ಆಟ ಇರಲಿಲ್ಲ. ನಾನು ಬಿಡುವವಳಲ್ಲವಲ್ಲ, ಯಾಕೆ, ಯಾಕೆ ಎಂದು ಜೀವ ತಿಂದೆ. ಅವಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ಸೊಂಟದ ಮೇಲೆ ಕೈಯಿಟ್ಟು ಬಿಡಿಸಿ ಹೇಳಿದಳು. ಹೊಕ್ಕಳಬಳ್ಳಿ ಕೊಯ್ದ ಕಬ್ಬಿಣ ಕೂಸಿನ ತಲೆದೆಸೆಯಲ್ಲೇ ಇರಬೇಕು. ಐದನೆಯ ದಿನ, ಅಂದರೆ ಐದೇಶಿಯ ದಿನ, ಅದನ್ನು ಅಕ್ಕಿಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅವತ್ತು ಶೆಟಿಗೆವ್ವ ಎಂಬ ದೇವಿ ಬಂದು ಕೂಸಿನ ಹಣೆಯ ಮೇಲೆ ಅದರ ಬಾಳೆಲ್ಲ ಬರೆದು ಹೋಗುತ್ತಾಳೆ. ಕಬ್ಬಿಣ ಇಲ್ಲದಿದ್ದರೆ ಅವಳು ಬಾಗಿಲಿಂದಲೇ ಹೊಳ್ಳಿ ಹೋಗುತ್ತಾಳೆ.

"ನಿಮ್ಮವ್ವ ಅಗಸಿ ಮನ್ಯಾಗ ಕತ್ರಿ ಒಯ್ದುಬಿಟ್ಲು. ಅದಕ್ಕ ಆ ಹುಡುಗ ಹಗಲೂ ರಾತ್ರಿ ಅಳ್ತಾನ. ಅವನ ಹಣ್ಯಾಗ ಏನೂ ಬರದಿಲ್ಲ."

ಸುದ್ದಿ ಹೊತ್ತುಕೊಂಡು ನಾನು ಮನೆಗೆ ಓಡಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಹೇಳುತ್ತಾ ಹೋದ ಹಾಗೆ ಅವಳ ಕೈ ನಿಧಾನವಾಗಿ ನಿಂತುಹೋಯಿತು. ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು.

"ಅಯ್ಯ ಶಿವನ" ಎಂದಳು. "ಆ ಮನಿ ಮುದುಕಿ ಹೊಸ್ತಿಲ ತನಕ ನನ್ನ ಹಿಂದ ಬಂದು ಕೈ ಚಾಚಿದ್ಲು ಕಣಲೇ ವಿಮ್ಲಿ. ಎಲಿಅಡಿಕಿ ಕೊಡಾಕ ಬಂದ್ಲು ಅಂತ ತಿಳ್ಕಂಡು, ಬ್ಯಾಡ್ರೀ ನಾ ತಿನ್ನಂಗಿಲ್ಲ ಅಂತ ನಕ್ಕೊಂತ ಬಂದ್ಬಿಟ್ಟೆ. ಕತ್ರಿ ಕೇಳಾಕತ್ತಿದ್ಲು ಆಕಿ."

ಪಾಪ, ಅವ್ವನಿಗೆ ತರಬೇತಿಯಲ್ಲಿ ಕಲಿಸಿದ್ದು ಹಾಗೆ. ಕೆಲಸ ಮುಗಿದ ಕೂಡಲೇ ಸಾಮಾನು ತೊಳೆ, ಎಲ್ಲ ಇವೆಯೇ ನೋಡು, ಪೆಟ್ಟಿಗೆಗೆ ಹಾಕು. ಅವಳ ಅಚ್ಚುಕಟ್ಟುತನವೇ ಊರಿನ ಕಣ್ಣಿಗೆ ಕಳವಿನ ಹಾಗೆ ಕಂಡಿತ್ತು. ಊರಿನವರು ಒಳ್ಳೆಯವರು, ನರ್ಸಮ್ಮನ ಮನಸ್ಸು ನೋಯಿಸಬಾರದೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಸೊಪ್ಪು ಕೊಟ್ಟು ಸುಮ್ಮನಾಗಿದ್ದರು.

ಅವತ್ತೇ ಸಂಜೆ ಅವ್ವ ಬಸಮ್ಮಜ್ಜಿಯ ಕಟ್ಟೆಗೆ ಹೋದಳು. ಬಾಲದಂತೆ ನಾನೂ ಹೋದೆ.

"ಅಮ್ಮಾ, ಈರಮ್ಮನ ಹೆರಿಗಿಗೆ ನನ್ನ ಕರೀರಿ. ನನ್ನ ಕತ್ರಿ ನಿಮ್ಮ ಮನ್ಯಾಗ ಇಟ್ಟು ಹೊಕ್ಕೀನಿ. ಐದೇಶಿ ಆದ್ಮ್ಯಾಲ ಕೊಡ್ರಿ ಸಾಕು."

ಅಜ್ಜಿ ಸುಣ್ಣದ ಡಬ್ಬಿ ತೆರೆಯಲಿಲ್ಲ. ಅವ್ವನನ್ನೇ ನೋಡಿದಳು. "ಸರ್ಕಾರದ ಸಾಮಾನು ಹಂಗ ಬಿಟ್ಟು ಹೋದ್ರ ನಿನಗ ಏನೂ ಅನ್ನಂಗಿಲ್ಲೇನು?"

"ಅಂದ್ರ ಅನ್ಲಿ. ಮಾತು ಅಂದ್ರ ಮಾತು. ಐದೇಶಿ ಆಗೋತನ ನಾನು ಅದನ್ನ ಕೇಳಂಗಿಲ್ಲ."

"ಹುಲಿಗೀನ ಒಂದು ಮಾತು ಕೇಳಬೇಕು" ಎಂದಳು ಅಜ್ಜಿ.

ಮರುದಿನ ಹುಲಿಗೆಮ್ಮ ಬಂದಳು. ಕೆಂಪು ಬಾಯಿ, ಬಾಗಿದ ಬೆನ್ನು, ಊರಿನ ಅರ್ಧ ಜನರನ್ನು ಮೊದಲು ಮುಟ್ಟಿದ ಕೈಗಳು. ಅವ್ವ ಕತ್ತರಿ ತಂದು ಅವಳ ಕೈಗಿತ್ತಳು. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ತೆರೆದು ಮುಚ್ಚಿ ಸಪ್ಪಳ ಕೇಳಿದಳು. ಬಿಸಿಲಿಗೆ ಹಿಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಚೂಪು ಐತ್ರಿ ನರ್ಸಮ್ಮಾರ. ಆದ್ರ ಇದು ಬೆಳ್ಳಿ ಹೊಳದಂಗ ಹೊಳಿತೈತಿ. ಶೆಟಿಗೆವ್ವಗ ಕಬ್ಬಿಣ ಬೇಕು."

"ಇದೂ ಕಬ್ಬಿಣದ್ದ ಹುಲಿಗೆಮ್ಮ. ತುಕ್ಕು ಹಿಡಿಬಾರ್ದು ಅಂತ ಹಂಗ ಮಾಡಿರ್ತಾರ."

"ನೀವು ಅಂದ್ರ ನಾ ನಂಬ್ತೀನ್ರಿ. ಆಕಿ ನಂಬಬೇಕಲ್ಲ."

ಆಗ ನನ್ನ ತಲೆಗೆ ಏನೋ ಹೊಳೆಯಿತು. ಅಪ್ಪ ಬಳ್ಳಾರಿಯಿಂದ ತಂದುಕೊಟ್ಟ ಒಂದು ಸೂಜಿಗಲ್ಲು ನನ್ನ ಆಸ್ತಿಯಾಗಿತ್ತು. ಮೊಳೆ, ಪಿನ್ನು, ಮುರಿದ ಬೀಗ, ಸಿಕ್ಕಿದ್ದಕ್ಕೆಲ್ಲ ಅದನ್ನು ಹಿಡಿದು ನೋಡುವುದೇ ನನ್ನ ಕೆಲಸ. ಓಡಿ ಹೋಗಿ ತಂದು ಕತ್ತರಿಯ ಹತ್ತಿರ ಹಿಡಿದೆ. ಟಕ್ಕನೆ ಅಂಟಿಕೊಂಡಿತು. ಅಜ್ಜಿಯ ಹಿತ್ತಾಳೆ ಸುಣ್ಣದ ಡಬ್ಬಿಗೆ ಹಿಡಿದೆ, ಅಂಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಈರಮ್ಮನ ಬೆಳ್ಳಿ ಕಾಲ್ಗಡಗಕ್ಕೆ ಹಿಡಿದೆ, ಅದಕ್ಕೂ ಅಂಟಲಿಲ್ಲ. ಹುಲಿಗೆಮ್ಮ ಸೂಜಿಗಲ್ಲನ್ನು ಕಿತ್ತುಕೊಂಡು ತಾನೇ ಮತ್ತೆ ಮತ್ತೆ ಹಿಡಿದು ನೋಡಿ, ಕೂಸಿನಂತೆ ನಕ್ಕಳು.

"ಹಿಡಿತು ನೋಡ್ರಿ ಬಸಮ್ಮಾರ! ಕಬ್ಬಿಣನ ಐತಿ."

"ಆತು ಬಿಡು ಮತ್ತ" ಎಂದಳು ಅಜ್ಜಿ. ಅವ್ವ ನನ್ನ ಕಡೆ ನೋಡಿದ ಆ ನೋಟಕ್ಕೆ ನಾನು ವಾರಗಟ್ಟಲೆ ಉಬ್ಬಿಕೊಂಡಿದ್ದೆ. ಸೂಜಿಗಲ್ಲನ್ನು ಹುಲಿಗೆಮ್ಮ ಹಿಂದಕ್ಕೆ ಕೊಡಲು ಬಹಳ ಹೊತ್ತು ಮಾಡಿದಳು ಅನ್ನುವುದನ್ನೂ ಹೇಳಬೇಕು.

ಈರಮ್ಮನಿಗೆ ನೋವು ಬಂದದ್ದು ಹಗಲು ಹೊತ್ತಿನಲ್ಲಿ. ಒಳಗೆ ಅವ್ವ, ಹುಲಿಗೆಮ್ಮ, ಅಜ್ಜಿ. ಹೊರಗೆ ಶರಣಿ ಮತ್ತು ನಾನು ಬಾಗಿಲ ಸಂದಿಗೆ ಸರದಿಯ ಮೇಲೆ ಕಣ್ಣು ಹಚ್ಚಿದ್ದೆವು. ಕತ್ತಲೆಯಲ್ಲಿ ಅವ್ವನ ಬಿಳಿ ಸೀರೆಯ ತುಂಡೊಂದು ಅತ್ತಿತ್ತ ಆಡುವುದು ಬಿಟ್ಟರೆ ಏನೂ ಕಾಣಲಿಲ್ಲ. "ತಡಿಯವ್ವ, ಇನ್ನೊಂದೀಟು, ನನ್ನ ಬಂಗಾರ" ಎನ್ನುವ ಅವ್ವನ ದನಿ ಕೇಳುತ್ತಿತ್ತು. ನನ್ನ ಜೊತೆ ಎಂದೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ, ಸಿಟ್ಟೇ ಬಂತು. ಆಮೇಲೆ ಕೂಸಿನ ಅಳು. ಶರಣಿ ಮತ್ತು ನಾನು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ಹೆಣ್ಣು ಕೂಸು.

ಅವ್ವ ಹೊರಗೆ ಬಂದಾಗ ಪೆಟ್ಟಿಗೆಯಲ್ಲಿ ಕತ್ತರಿ ಇರಲಿಲ್ಲ. ತೊಳೆದು ಒರೆಸಿ ಅಜ್ಜಿಯ ಕೈಗೆ ಕೊಟ್ಟು ಬಂದಿದ್ದಳು. ಕತ್ತರಿಯಿದ್ದ ಬಿಳಿ ಬಟ್ಟೆಯನ್ನು ಖಾಲಿಯಾಗಿಯೇ ಮಡಚಿ ಇಟ್ಟಳು.

ಬಾಣಂತಿ ಕೋಣೆಗೆ ನನಗೆ ಪ್ರವೇಶ ಸಿಕ್ಕಿತು, ಮುಟ್ಟಬಾರದು ಎಂಬ ಕರಾರಿನ ಮೇಲೆ. ಲೋಬಾನದ ಹೊಗೆ, ಓಂಕಾಳು, ಬೆಳ್ಳುಳ್ಳಿ, ಕೊಬ್ಬರಿಎಣ್ಣೆ ಸೇರಿ ಆ ಕೋಣೆಗೆ ಬೇರೆಯೇ ಒಂದು ಹವೆ. ಮೊರದಲ್ಲಿ ಅಕ್ಕಿ, ಅಕ್ಕಿಯ ಮೇಲೆ ನಮ್ಮ ಕತ್ತರಿ, ಅದರ ಪಕ್ಕದಲ್ಲಿ ಕೂಸು. ನಮ್ಮ ಮನೆಯಲ್ಲಿ ಸೀಮೆಎಣ್ಣೆ ಸ್ಟವ್ವಿನ ಮೇಲೆ ಕುದಿಯುತ್ತಿದ್ದ ಕತ್ತರಿ ಇಲ್ಲಿ ದೇವರಾಗಿ ಕೂತಿತ್ತು. ನಾನು ಕೂಸಿನ ಹಣೆಯನ್ನು ಹತ್ತಿರದಿಂದ ನೋಡಿದೆ. ಸುಕ್ಕುಗಳಿದ್ದವು, ಅಕ್ಷರಗಳಿರಲಿಲ್ಲ. ಇನ್ನೂ ಬರೆದಿಲ್ಲವಲ್ಲ ಎಂದು ನೆನಪಾಯಿತು.

"ಅಜ್ಜಿ, ಶೆಟಿಗೆವ್ವ ಕನ್ನಡದಾಗ ಬರಿತಾಳೋ ತೆಲುಗಿನ್ಯಾಗೋ?"

"ಆದೋನಿ ಕಡಿ ಕೂಸಿಗೆ ತೆಲುಗಿನ್ಯಾಗ, ನಮ್ಮ ಕಡಿ ಕೂಸಿಗೆ ಕನ್ನಡದಾಗ. ನಿನ್ನ ಹಣ್ಯಾಗ ಬರೀ ಪ್ರಶ್ನಿ ಚಿಹ್ನಿ ಹಾಕಿ ಹೋಗ್ಯಾಳ. ಹೋಗತ್ತ!"

ನಕ್ಕಳು ನಿಜ, ಆದರೆ ಅಜ್ಜಿಗೆ ನೆಮ್ಮದಿ ಇರಲಿಲ್ಲ. ಹೊಲದ ಕಡೆ ತಲೆ ಹಾಕಿರಲಿಲ್ಲ. ಅವ್ವ ಬೆಳಗ್ಗೆ ಸಂಜೆ ಹೋಗಿ ಹೊಕ್ಕಳು ನೋಡಿ ಬರುವಾಗ ಅಜ್ಜಿಯ ಬಾಯಲ್ಲಿ ಒಂದೇ ಮಾತು, "ಹಾಲು ಕುಡಿತೇನವ್ವ?" ಹಿಂದಿನ ಕೂಸೂ ಈ ದಿನಗಳಲ್ಲಿ ಹೀಗೇ ಹಾಲು ಕುಡಿದಿತ್ತು ಎಂಬುದನ್ನು ಯಾರೂ ಆಡಿ ತೋರಿಸುತ್ತಿರಲಿಲ್ಲ.

ಐದೇಶಿಯ ಹಿಂದಿನ ದಿನ ಬೆಳಗ್ಗೆ ಹುಲಿಗೆಮ್ಮ ಆ ಬಾಗಿದ ಬೆನ್ನಿನಲ್ಲೇ ಓಡುತ್ತಾ ನಮ್ಮ ಬಾಗಿಲಿಗೆ ಬಂದಳು. ಕಾಲುವೆಯ ತೂಬಿನ ಹತ್ತಿರದ ಗುಡಿಸಲಿನಲ್ಲಿ ಒಬ್ಬ ಸಣ್ಣ ವಯಸ್ಸಿನ ಹುಡುಗಿಗೆ ಚೊಚ್ಚಲ ನೋವು ಶುರುವಾಗಿತ್ತು.

"ಬರ್ರಿ ನರ್ಸಮ್ಮಾರ. ನಾನ ಹೇಳೀನಿ ಅವರಿಗೆ, ಕತ್ರಿ ಇಟ್ಟು ಹೊಕ್ಕಾರ, ಚಲೋ ಕೈ ಐತಿ ಅಂತ. ಒಪ್ಯಾರ. ಕತ್ರಿ ತಗೊಂಡು ಬರ್ರಿ."

ಅವ್ವ ನಿಂತಲ್ಲೇ ನಿಂತಳು. ಕರೆ ಬಾರದೆ ಎಷ್ಟೋ ತಿಂಗಳು ಕಾದವಳು. ಈಗ ಸೂಲಗಿತ್ತಿಯೇ ಬಂದು ಕರೆಯುತ್ತಿದ್ದಾಳೆ, ಕತ್ತರಿ ನೋಡಿದರೆ ಗೋಡೆಯ ಆಚೆ ಶೆಟಿಗೆವ್ವನ ವಶದಲ್ಲಿದೆ.

"ಕತ್ರಿ ಇಲ್ಲ ಹುಲಿಗೆಮ್ಮ. ಹೊಸಾ ಬ್ಲೇಡ್ ಐತಿ. ಕುದಿಸಿ ತರ್ತೀನಿ. ಅದೂ ಅಷ್ಟ ಚಲೋ."

"ನನಗ ಗೊತ್ತಾಗ್ತೈತ್ರಿ. ಅವರಿಗೆ ಹೇಳೋರ್ಯಾರು? ಗಡ್ಡ ಹೆರಿಯೋ ಬ್ಲೇಡಿಗೆ ಪೂಜಿ ಮಾಡ್ರಿ ಅಂತ ಯಾವ ಬಾಯಿಲೇ ಹೇಳ್ಲಿ? ಕತ್ರಿ ಇಲ್ಲಂದ್ರ ಕುಡುಗೋಲ ತಗೊಂತಾರ. ಆಗಲೇ ತಂದು ಮೂಲ್ಯಾಗ ಇಟ್ಟಾರ."

ಅವ್ವ ಸ್ಟವ್ ಹಚ್ಚಿ ನೀರಿಟ್ಟಳು. ನಾನು ಕೇಳದೆ ಇರಲಾರದೆ ಕೇಳಿದೆ, "ಅಜ್ಜಿನ್ನ ಕೇಳಿದ್ರ ಕೊಡಂಗಿಲ್ಲೇನು?"

"ಕೇಳಂಗಿಲ್ಲ ಅಂತ ಮಾತು ಕೊಟ್ಟೀನಲೇ. ಒಂದು ಕೂಸು ಕಳಕೊಂಡ ಮನಿ ಅದು. ಯಾವ ಮುಖ ಇಟ್ಕಂಡು ಹೋಗಿ ಪೂಜಿ ಮುರೀರಿ ಅಂತ ಕೇಳ್ಲಿ?"

ಆದರೆ ಆ ಮನೆಯ ಗೋಡೆ ಎಷ್ಟರದು! ಈಚೆ ಕೆಮ್ಮಿದರೆ ಆಚೆ ಕೇಳುತ್ತಿತ್ತು. ನಾನು ಅಂಗಳಕ್ಕೆ ಬಂದು ನೋಡಿದಾಗ ಬಸಮ್ಮಜ್ಜಿ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡವಳ ಮುಖ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಆ ಗುಡಿಸಲಿನವರು ಅವಳಿಗೆ ನೆಂಟರಲ್ಲ, ಓಣಿಯವರೂ ಅಲ್ಲ. ಕತ್ತರಿ ಒಂದು ದಿನ ಮೊದಲು ಹೊಸ್ತಿಲು ದಾಟಿ, ನಾಳೆ ನಾಡಿದ್ದು ತನ್ನ ಮೊಮ್ಮಗಳ ಬಾಯಿ ಕಚ್ಚಿಕೊಂಡರೆ? ಹೆದರಿ ಹೆದರಿ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟು ಗಟ್ಟಿ ಹೆಂಗಸು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಳಗಿನಿಂದ ಈರಮ್ಮನ ಸಣ್ಣ ದನಿ ಬಂತು. "ಅತ್ತಿ, ಕೊಡ್ರಿ. ನನ್ನ ಮದ್ಲ ಕೂಸಿಗೆ ಆದಂಗ ಆ ಕೂಸಿಗೆ ಆಗೋದು ಬ್ಯಾಡ."

ಅಜ್ಜಿ ತಿರುಗಿ, "ಶರಣೀ, ಬಿಸಿನೀರು ತಾರಲೇ, ಅರಿಷ್ಣ ತಾ, ಬೆಲ್ಲ ತಾ" ಎಂದು ಕೂಗಿದಳು. ಶರಣಿ ಓಡಿದಳು, ನಾನೂ ಓಡಿದೆ. ಮರುದಿನ ಓಣಿಯ ಮುತ್ತೈದೆಯರನ್ನೆಲ್ಲ ಕರೆದು ಮಾಡಬೇಕಿದ್ದ ಪೂಜೆ. ಕಡುಬಿಗೆಂದು ತಂದ ಸಾಮಾನು ಅಡುಗೆಮನೆಯಲ್ಲಿ ಹಾಗೇ ಕೂತಿತ್ತು. ಯಾರನ್ನೂ ಕರೆಯಲಿಲ್ಲ, ಕಡುಬಿಗೆ ಕಾಯಲಿಲ್ಲ. ಅವಸರದಲ್ಲಿ ತಾಯಿಗೂ ಕೂಸಿಗೂ ಮೈಮೇಲೆ ನೀರು ಹಾಕಿ, ಅಜ್ಜಿ ನಮ್ಮನ್ನು ಹೊರಗೆ ನೂಕಿ ಬಾಗಿಲು ಮುಚ್ಚಿಕೊಂಡಳು. ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಅಜ್ಜಿ ಯಾರೊಂದಿಗೋ ಮಾತಾಡುತ್ತಿದ್ದಳು. ಮಂತ್ರವಲ್ಲ, ಹಾಡಲ್ಲ, ಮಾತು. ಒಂದು ಅಕ್ಷರವೂ ಬಿಡಿಸಿ ಕೇಳಲಿಲ್ಲ. ಆ ಕಡೆಯವಳು ಮರುಮಾತಾಡಿದ್ದೂ ಕೇಳಲಿಲ್ಲ.

ಬಾಗಿಲು ತೆರೆಯಿತು. ಅಜ್ಜಿಯ ಕೈಯಲ್ಲಿ ಹೊಸ ಕುಪ್ಪಸದ ಖಣ, ಅದರೊಳಗೆ ಅರಿಶಿನ ಮೆತ್ತಿದ ಕತ್ತರಿ. ನೆಟ್ಟಗೆ ನಮ್ಮ ಅಡುಗೆಮನೆಗೆ ಬಂದು ಅವ್ವನ ಮುಂದೆ ಚಾಚಿದಳು.

"ತಗೋ. ಪೂಜಿ ಆತು."

"ಅಮ್ಮಾ... ಐದೇಶಿ ನಾಳಿ ಅಲ್ಲೇನ್ರಿ?"

"ನಮ್ಮ ಮನ್ಯಾಗ ಇವತ್ತು. ಹೊಂಡು, ಮಾತಾಡಿಕೊಂತ ನಿಂದ್ರಬ್ಯಾಡ."

ಅವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೂ ಕೈ ತನ್ನ ಕೆಲಸ ಮರೆಯಲಿಲ್ಲ. ಸೋಪು ಹಚ್ಚಿ ಅರಿಶಿನ ತಿಕ್ಕಿ ತೆಗೆದಳು. ಕೀಲಿನ ಸಂದಿಯದು ಹೋಗಲೇ ಇಲ್ಲ. ಕುದಿಯುವ ನೀರಿಗೆ ಹಾಕಿದಳು. "ಇದು ಕುದಿಯೋತನ ಕಾಯಬೇಕ್ರಿ" ಎಂದು ಅಂಜುತ್ತಾ ಹೇಳಿದಳು. ಅಜ್ಜಿ ಹೊಸ್ತಿಲ ಮೇಲೆ ಕೂತು, "ಕಾಯಾಮು" ಎಂದಳು. ದೇವಿಯನ್ನು ಅವಸರ ಮಾಡಿಸಿದವರು ನೀರು ಕುದಿಯುವುದಕ್ಕೆ ಸುಮ್ಮನೆ ಕಾಯುತ್ತಾ ಕೂತರು. ಆಮೇಲೆ ಅವ್ವ ಪಾತ್ರೆಯನ್ನು ಬಿಸಿನೀರು ಕತ್ತರಿ ಸಮೇತ ಸೆರಗಿನಲ್ಲಿ ಹಿಡಿದುಕೊಂಡು ಕಾಲುವೆ ದಂಡೆಯ ಮೇಲೆ ಓಡುವ ನಡಿಗೆಯಲ್ಲಿ ಹೋದಳು. ಹಿಂದೆ ಹುಲಿಗೆಮ್ಮ, ತಲೆಯ ಮೇಲೆ ಪೆಟ್ಟಿಗೆ. ನಾಟಿ ಮಾಡುತ್ತಿದ್ದವರು ಸೊಂಟ ನೇರ ಮಾಡಿ ನಿಂತು ನೋಡಿದರು.

ಆ ಗುಡಿಸಲಿನಲ್ಲಿ ಗಂಡು ಕೂಸು ಹುಟ್ಟಿತು. ಕತ್ತರಿ ಅಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಬಸಮ್ಮಜ್ಜಿ ಕೂಸಿನ ಪಕ್ಕದಿಂದ ಎದ್ದದ್ದನ್ನು ನಾನು ನೋಡಲಿಲ್ಲ. ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು. ಕೂಸು ಆಕಳಿಸಿದರೂ ಬೆಚ್ಚುತ್ತಿದ್ದಳು. ಅವ್ವ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಂಡು ಬಿಚ್ಚಿಕೊಂಡು ಕೂರುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿಂದಿನ ಕೂಸು ಹುಟ್ಟಿದ ಎಷ್ಟನೆಯ ದಿನಕ್ಕೆ ಹೋಗಿತ್ತೋ ಆ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಕೂಸು ಬಾಯಿ ಅಗಲವಾಗಿ ತೆರೆದು, ಕೈಕಾಲು ಬಡಿದು, ಓಣಿಗೆಲ್ಲ ಕೇಳುವ ಹಾಗೆ ಕಿರುಚಿತು. ಹಸಿವು, ಬರೀ ಹಸಿವು. ಅಜ್ಜಿ ಆ ತೆರೆದ ಬಾಯನ್ನೇ ನೋಡುತ್ತಾ, "ಏನ್ ಬಾಯಿ ಇಕಿದು, ಏನ್ ಬಾಯಿ!" ಎಂದು ಬೈಯುತ್ತಾ ನಗುತ್ತಾ ಅಳತೊಡಗಿದಳು. ಅವ್ವ ಹೋಗಿ ಅವಳ ಮೊಣಕಾಲಿಗೆ ತಲೆಯಿಟ್ಟಳು. ಕಾಲುವೆ ದಂಡೆಯ ಕೂಸೂ ಬದುಕಿತು.

ಆ ವರ್ಷದ ಸುಗ್ಗಿ ಮುಗಿಯುವ ಹೊತ್ತಿಗೆ ಅವ್ವನಿಗೆ ಒಂದು ಕತ್ತರಿ ಸಾಲದಾಯಿತು. ಸಿರುಗುಪ್ಪಕ್ಕೆ ತಿರುಗಿ ತಿರುಗಿ, ಬೇಡಿ ಕಾಡಿ ಇನ್ನೊಂದನ್ನು ತಂದಳು. ಒಂದು ಯಾವುದೋ ಮನೆಯ ಮೊರದಲ್ಲಿದ್ದರೆ ಇನ್ನೊಂದು ಸ್ಟವ್ವಿನ ಮೇಲೆ. ಹುಲಿಗೆಮ್ಮ ಅವಳ ಜೊತೆಯಲ್ಲೇ ಹೋಗುತ್ತಿದ್ದಳು, ಕೂಸಿಗೆ ಎರೆಯುವುದು ಅವಳ ಪಾಲಿನ ಕೆಲಸ. ಮುಂದೆ ಅವ್ವನಿಗೆ ತೆಕ್ಕಲಕೋಟೆಗೆ ವರ್ಗವಾಯಿತು, ಆಮೇಲೆ ತವರೂರು ಕುರುಗೋಡಿಗೆ, ಕೊನೆಗೆ ಬಳ್ಳಾರಿಗೆ. ಹೋದಲ್ಲೆಲ್ಲ ಮೊದಲ ದಿನವೇ ಮುದುಕಿಯರನ್ನು ಕೂರಿಸಿಕೊಂಡು, "ನಿಮ್ಮ ಕಡೆ ಐದೇಶಿಗೆ ಏನು ಇಡ್ತೀರಿ?" ಎಂದು ಕೇಳುತ್ತಿದ್ದಳು. ಅದು ತರಬೇತಿಯಲ್ಲಿ ಕಲಿಸಿದ ಪ್ರಶ್ನೆಯಲ್ಲ. ನಿವೃತ್ತಿಯ ದಿನ ಪೆಟ್ಟಿಗೆ ಒಪ್ಪಿಸುವಾಗ ಹಳೆಯ ಕತ್ತರಿಯ ಕೀಲಿನಲ್ಲಿ ಅರಿಶಿನ ಇನ್ನೂ ಇತ್ತಂತೆ. ಅವ್ವ ಈಗಿಲ್ಲ.

ಹೋದ ವರ್ಷ ಬಳ್ಳಾರಿಯ ಆಸ್ಪತ್ರೆಯಲ್ಲಿ ನನ್ನ ಮಗಳು ಹೆತ್ತಳು. ಹಳೆಯ ಚಾಳಿ ಬಿಡಲಿಲ್ಲ, ಅಲ್ಲಿಯ ನರ್ಸು ಹುಡುಗಿಯನ್ನು ಕೇಳಿದೆ, ಕೂಸಿನ ಹೊಕ್ಕಳಬಳ್ಳಿ ಕತ್ತರಿಸಿದ ಕತ್ತರಿ ಎಲ್ಲಿದೆ ಎಂದು. "ಅದು ಪ್ಯಾಕಿನಾಗ ಬರ್ತೈತ್ರಿ ಅಜ್ಜಿ, ಆಮ್ಯಾಲ ತೊಳಿಯಾಕ ಹೊಕ್ಕೈತಿ. ಯಾಕ್ರಿ?" ಎಂದು ನಕ್ಕಳು. ಒಳ್ಳೆಯ ಹುಡುಗಿ. ಈಗ ಯಾವ ಕೂಸೂ ಕತ್ತರಿಗಾಗಿ ಕಾಯಬೇಕಾಗಿಲ್ಲ, ವಾರ ತುಂಬುವುದರೊಳಗೆ ಬಾಯಿ ಕಚ್ಚಿಕೊಂಡ ಕೂಸಿನ ಸುದ್ದಿ ಕೇಳಿ ಎಷ್ಟೋ ಕಾಲವಾಯಿತು. ಆ ಕುಡುಗೋಲಿನ ದಿನಗಳು ಮತ್ತೆ ಬರಲಿ ಎಂದು ನಾನು ಕನಸಿನಲ್ಲೂ ಬಯಸುವುದಿಲ್ಲ. ಆದರೆ ಅವತ್ತು ಹಸಿರು ಪರದೆಯ ಆಚೆಯ ಮಂಚದಲ್ಲಿ ಇನ್ನೊಂದು ಕೂಸು ಒಂದೇ ಸಮ ಅಳುತ್ತಿತ್ತು. ನಮ್ಮ ಕಡೆಯವರು ಯಾರೂ ಪರದೆ ಸರಿಸಲಿಲ್ಲ, ನಾನೂ ಸರಿಸಲಿಲ್ಲ. ಅದು ಯಾರ ಕೂಸು, ಯಾಕೆ ಅಳುತ್ತಿದೆ ಎಂದು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ಪ್ರಶ್ನೆ ಚಿಹ್ನೆ ಹಣೆಯಲ್ಲಿ ಬರೆಸಿಕೊಂಡು ಬಂದವಳಿಗೂ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಬಸಮ್ಮಜ್ಜಿ ನೆನಪಾದಳು. ಈರಮ್ಮನ ಆ ಮಗಳ ಮದುವೆಯಲ್ಲಿ ಅಜ್ಜಿಯನ್ನು ಕಡೆಯ ಸಲ ಕಂಡಿದ್ದೆ. ಕಣ್ಣು ಕಾಣುತ್ತಿರಲಿಲ್ಲ, ದನಿ ಮಾತ್ರ ಹಾಗೇ ಇತ್ತು. ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅವಳ ಕಿವಿಯಲ್ಲಿ ಕೇಳಿದ್ದೆ.

"ಅಜ್ಜಿ, ಅವತ್ತು ಬಾಗಲ ಹಾಕ್ಕಂಡು ಶೆಟಿಗೆವ್ವಗ ಏನ್ ಹೇಳಿದಿ?"

ಅಜ್ಜಿ ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಇನ್ನೇನ್ ಹೇಳ್ಲಿಲೇ? ಬರಿಯೋದು ಬರಿ ತಾಯಿ, ನಿನ್ನ ಕೈ ಹಿಡಿಯೋರ್ಯಾರು. ಆದ್ರ ಜಲ್ದಿ ಬರಿ, ಅಲ್ಲಿ ಇನ್ನೊಂದು ಕೂಸು ಕಾಯಾಕತ್ತೈತಿ ಅಂದೆ."